ಉಪ್ಪುನೀರಿನ ಉಪಕಾರ: ಕಡಲ ಪಾಚಿ, ಸಾರಜನಕ ಮತ್ತು ನಮ್ಮ ಕರಾವಳಿಯ ಅನ್ನ

ಕ್ರಿ.ಶ. 1502ರಲ್ಲಿ ವಾಸ್ಕೋ ಡ ಗಾಮನು ಎರಡನೆಯ ಸಲ ಭಾರತಕ್ಕೆ ಬಂದಾಗ, ವಿಜಯನಗರದ ಅಧೀನದಲ್ಲಿದ್ದ ಭಟ್ಕಳದ ಬಂದರಿನಲ್ಲಿ ತನ್ನ ನೌಕಾಬಲವನ್ನು ತೋರಿಸಿ ಅಲ್ಲಿಯ ಅರಸನಿಂದ ವಾರ್ಷಿಕ ಕಪ್ಪವನ್ನು ಒಪ್ಪಿಸಿಕೊಂಡನು. ಆ ಕಪ್ಪದ ವಿವರವನ್ನು ಪೋರ್ಚುಗೀಸ್ ಚರಿತ್ರೆಕಾರ ಗಾಸ್ಪರ್ ಕೊರೆಯನು ಬರೆದಿಟ್ಟಿದ್ದಾನೆ: ನಾವಿಕರ ಊಟಕ್ಕೆ ಒಂದು ಸಾವಿರ ಹೊರೆ ಸಾಧಾರಣ ಅಕ್ಕಿ, ಕಪ್ತಾನರ ಊಟಕ್ಕೆ ಐದುನೂರು ಹೊರೆ ಉತ್ತಮ ಅಕ್ಕಿ. ನಮ್ಮ ಕರಾವಳಿಯ ಇತಿಹಾಸವೆಂದರೆ ಕಾಳುಮೆಣಸಿನ ಇತಿಹಾಸವೆಂದೇ ಭಾವಿಸಿಕೊಂಡಿರುವವರಿಗೆ ಇದು ಸ್ವಲ್ಪ ಆಶ್ಚರ್ಯವನ್ನು ಉಂಟುಮಾಡಬಹುದು. ಮೆಣಸು ಲಾಭದ ಸರಕು. ಅಕ್ಕಿ ಪ್ರಾಣದ ಸರಕು. ಅಕ್ಕಿಯಿಲ್ಲದೆ ಮೆಣಸಿನ ಹಡಗು ತಿರುಗಿ ಊರು ಸೇರುವಂತಿರಲಿಲ್ಲ.

1516ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸನು ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಹೋಗುತ್ತಿದ್ದುದನ್ನೂ ಹೊರ್ಮುಜಿನಿಂದ ಕುದುರೆಗಳು ಬಂದಿಳಿಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಹೊನ್ನಾವರದಿಂದ ಮಲಬಾರಿನವರು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದ ಸಂಗತಿಯೂ ಅವನ ಬರಹದಲ್ಲಿದೆ. 1542ರಲ್ಲಿ ಕಪ್ಪ ಸಲ್ಲಲಿಲ್ಲವೆಂದು ಮಾರ್ಟಿಂ ಅಫೋನ್ಸೊ ಡ ಸೋಜನು ಭಟ್ಕಳವನ್ನು ಸುಟ್ಟನು. ಅನಂತರ 1552ರಿಂದ 1606ರವರೆಗೆ ಗೇರುಸೊಪ್ಪೆಯಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿಯೂ, ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರಾದರೂ, ಪ್ರಜೆಗಳ ಹೊಟ್ಟೆ ತುಂಬಿದ್ದು ಭತ್ತದಿಂದಲೇ. ನಮ್ಮ ಬಸದಿಗಳ ನಿತ್ಯಪೂಜೆಗೂ ಆಹಾರದಾನಕ್ಕೂ ಪೂರ್ವಿಕರು ಬಿಟ್ಟುಕೊಟ್ಟದ್ದು ಬಹುಮಟ್ಟಿಗೆ ಅಕ್ಕಿಯ ಉತ್ಪನ್ನವನ್ನೇ.

ಈ ಅಕ್ಕಿಯನ್ನು ಬೆಳೆದವರು ಯಾರು, ಕೊಂಡವರು ಯಾರು, ಕಸಿದವರು ಯಾರು ಎಂಬುದನ್ನು ಇತಿಹಾಸಗ್ರಂಥಗಳು ಹೇಳುತ್ತವೆ. ಆದರೆ ಗದ್ದೆಗೆ ಆ ಸತ್ತ್ವವನ್ನು ಒದಗಿಸಿದವರು ಯಾರೆಂಬುದನ್ನು ಯಾವ ದಫ್ತರವೂ ಬರೆದಿಲ್ಲ. ಆ ಅಲಿಖಿತ ಪುಟವನ್ನು ಸುಜ್ಞ ವಾಚಕರ ಮುಂದೆ ತೆರೆದಿಡುವುದು ಈ ಲೇಖನದ ಉದ್ದೇಶ.

ಇದರಲ್ಲಿ ನನಗೆ ಆಸಕ್ತಿ ಹುಟ್ಟಿದ ಬಗೆಯನ್ನು ಮೊದಲು ನಿವೇದಿಸಿಕೊಳ್ಳಬೇಕು. ನಾನು ವಾಣಿಜ್ಯಶಾಸ್ತ್ರದ ಪದವೀಧರ, ವೃತ್ತಿಯಿಂದ ವ್ಯಾಪಾರಿ. ನಮ್ಮ ಅಂಗಡಿಯಲ್ಲಿ ಅನೇಕ ವರ್ಷ ರಾಸಾಯನಿಕ ಗೊಬ್ಬರದ ಮಾರಾಟವೂ ನಡೆಯುತ್ತಿತ್ತು. ಅಘನಾಶಿನಿಯ ಹಿನ್ನೀರಿನ ಕಡೆಯ ಒಬ್ಬ ವೃದ್ಧ ರೈತರು ಬೇಸಾಯದ ದಿನಗಳಲ್ಲಿ ಹಗ್ಗ, ಬುಟ್ಟಿ, ಸೀಮೆಎಣ್ಣೆಗೆಂದು ಬರುತ್ತಿದ್ದರು. ಯೂರಿಯಾದ ಚೀಲವನ್ನು ಮಾತ್ರ ಒಮ್ಮೆಯೂ ಕೊಳ್ಳಲಿಲ್ಲ. ಒಂದು ದಿನ ನಾನೇ ಕೇಳಿದೆ. ಅವರು, "ಗಜನಿಗೆ ಗೊಬ್ಬರ ಎಂತಕ್ಕೆ ಶೆಟ್ರೇ? ಉಪ್ಪುನೀರು ಬಂದು ಹೋಗ್ತದಲ್ಲ, ಅದೇ ಸಾಕು" ಎಂದರು. ಉಪ್ಪುನೀರು ಭತ್ತವನ್ನು ಸುಡುತ್ತದೆಂದು ತಿಳಿದಿದ್ದ ನನಗೆ ಆ ಮಾತು ಆಗ ಅರ್ಥವಾಗಲಿಲ್ಲ. ನಾನದನ್ನು ಬಡವನ ಮಿತವ್ಯಯವೆಂದು ಬಗೆದೆ. ನನ್ನ ತಿಳಿವಳಿಕೆ ತಪ್ಪಾಗಿತ್ತೆಂಬುದು ಬಹುಕಾಲದ ಮೇಲೆ, ಓದಿನಿಂದ ಗೊತ್ತಾಯಿತು.

ಬೀಗ ಹಾಕಿದ ಭಂಡಾರ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಇದನ್ನು 1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರದರ್‌ಫೋರ್ಡ್ ಗುರುತಿಸಿದನು. ಇದರಲ್ಲಿ ಪ್ರಾಣಿ ಬದುಕುವುದಿಲ್ಲವೆಂದು ಕಂಡ ಫ್ರಾನ್ಸಿನ ಲಾವಾಸಿಯೇ ಇದಕ್ಕೆ ನಿರ್ಜೀವವೆಂಬ ಅರ್ಥದ ಹೆಸರನ್ನಿಟ್ಟನು. ನಮ್ಮ ಕನ್ನಡದ ವಿಜ್ಞಾನ ಲೇಖಕರು ಇದನ್ನು ಸಾರಜನಕವೆಂದು ಕರೆದರು. ಸಾರವನ್ನು ಹುಟ್ಟಿಸುವುದು ಎಂದರ್ಥ. ಎರಡು ಹೆಸರುಗಳೂ ನಿಜವೇ. ಗಾಳಿಯಲ್ಲಿರುವ ಸಾರಜನಕದ ಪರಮಾಣುಗಳು ಎರಡೆರಡಾಗಿ ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡಕ್ಕಾಗಲಿ ಪ್ರಾಣಿಗಾಗಲಿ ಅದರಿಂದ ನೇರ ಪ್ರಯೋಜನವಿಲ್ಲ. ಆ ಬಂಧ ಬಿಚ್ಚಿ ಅದು ಅಮೋನಿಯವಾಗಿ ಮಾರ್ಪಟ್ಟರೆ ಎಲೆಯ ಹಸುರು, ಕಾಳಿನ ಸತ್ತ್ವ, ನಮ್ಮ ರಕ್ತಮಾಂಸ ಎಲ್ಲಕ್ಕೂ ಅದೇ ಮೂಲದ್ರವ್ಯ. ಭಂಡಾರವು ಎಲ್ಲರ ತಲೆಯ ಮೇಲೆಯೇ ಇದೆ. ಕೀಲಿಕೈ ಕೆಲವರಲ್ಲಿ ಮಾತ್ರ ಇದೆ.

ಆ ಕೀಲಿಕೈಯಿರುವುದು ಕಣ್ಣಿಗೆ ಕಾಣದ ಕೆಲವು ಜಾತಿಯ ಬ್ಯಾಕ್ಟೀರಿಯಾಗಳಲ್ಲಿ. ಇದನ್ನು 1886ರಲ್ಲಿ ಜರ್ಮನಿಯ ಹೆಲ್‌ರೀಗಲ್ ಬರ್ಲಿನ್ನಿನ ಸಭೆಯೊಂದರಲ್ಲಿ ತೋರಿಸಿಕೊಟ್ಟನು. ಬಟಾಣಿಯೇ ಮೊದಲಾದ ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಗಿಡವು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಅವುಗಳಿಗೆ ಕೊಡುತ್ತದೆ. ಭತ್ತಕ್ಕೆ ಇಂಥ ಗಂಟುಗಳಿಲ್ಲ. ಆದರೂ ಶತಮಾನಗಳಿಂದ ಒಂದೇ ಗದ್ದೆಯಲ್ಲಿ ಭತ್ತ ಬೆಳೆಯುತ್ತಿದ್ದುದು ಹೇಗೆ? ಬಂಗಾಳದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿದ ಪಿ.ಕೆ. ದೇ ಅವರು 1939ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ನಿಂತ ನೀರಿನಲ್ಲಿ ಹರಡುವ ನೀಲಿ-ಹಸುರು ಪಾಚಿಯು ಸಾರಜನಕವನ್ನು ಸ್ಥಿರೀಕರಿಸುತ್ತದೆ. ಪಾಚಿಯೆಂದು ನಾವು ಕರೆಯುವ ಈ ಜೀವಿಯೂ ವಾಸ್ತವದಲ್ಲಿ ಬ್ಯಾಕ್ಟೀರಿಯಾದ ವರ್ಗಕ್ಕೇ ಸೇರಿದುದು.

ಮನುಷ್ಯನು ಈ ಕೀಲಿಕೈಗಾಗಿ ಪಟ್ಟ ಪಾಡು ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು ತನ್ನ ಹೊಲಗಳಿಗಾಗಿ ಪೆರು ದೇಶದ ದ್ವೀಪಗಳಿಂದ ಕಡಲಹಕ್ಕಿಗಳ ಹಿಕ್ಕೆಯನ್ನು ಹಡಗುಗಟ್ಟಲೆ ಹೊತ್ತೊಯ್ದಿತು. ನೈಟ್ರೇಟು ಲವಣವಿದ್ದ ಮರುಭೂಮಿಗಾಗಿ ಚಿಲಿ, ಪೆರು, ಬೊಲಿವಿಯ ದೇಶಗಳು 1879ರಿಂದ 1883ರವರೆಗೆ ಯುದ್ಧ ಮಾಡಿದುವು. 1909ರಲ್ಲಿ ಫ್ರಿಟ್ಜ್ ಹೇಬರನು ಗಾಳಿಯಿಂದಲೇ ಅಮೋನಿಯ ತೆಗೆದು ತೋರಿಸಿದನು. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕಾರ್ಖಾನೆ ಪ್ರಾರಂಭವಾಯಿತು. ಮರುವರ್ಷವೇ ಮಹಾಯುದ್ಧ ಬಂದು, ಅದೇ ಅಮೋನಿಯ ಸ್ಫೋಟಕಗಳ ತಯಾರಿಕೆಗೆ ತಿರುಗಿತು. ಹೇಬರನು 1915ರಲ್ಲಿ ವಿಷಾನಿಲದ ಪ್ರಯೋಗಕ್ಕೂ ಮುಂದಾಳಾದನು. ಹಾಗೆಂದು ಆ ವಿಧಾನವನ್ನು ಹಳಿದು ಕೈತೊಳೆದುಕೊಳ್ಳುವಂತಿಲ್ಲ. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಆಹಾರ ಕಾರ್ಖಾನೆಯ ಸಾರಜನಕವನ್ನು ಅವಲಂಬಿಸಿದೆ. ನಮ್ಮ ದೇಶದಲ್ಲಿ 1951ರಲ್ಲಿ ಸಿಂದ್ರಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1970ರ ದಶಕದಲ್ಲಿ ಮಂಗಳೂರಿನ ಪಣಂಬೂರಿನಲ್ಲಿಯೂ ಗೊಬ್ಬರದ ಕಾರ್ಖಾನೆ ಬಂತು. ನಾನು ಮಾರಿದ ಚೀಲಗಳೂ ಈ ಪರಂಪರೆಯವೇ.

ಗಮನಿಸತಕ್ಕ ಸಂಗತಿಯೆಂದರೆ, ಕಾರ್ಖಾನೆಯಲ್ಲಿ ಈ ಕೆಲಸಕ್ಕೆ 400 ಡಿಗ್ರಿಗೂ ಮೀರಿದ ಉಷ್ಣವೂ ವಾಯುಮಂಡಲಕ್ಕಿಂತ ನೂರಾರು ಪಟ್ಟು ಒತ್ತಡವೂ ಬೇಕು. ಸೂಕ್ಷ್ಮಜೀವಿಯು ಇದನ್ನು ಕೆರೆಯ ನೀರಿನ ಉಷ್ಣದಲ್ಲಿಯೇ ಮಾಡುತ್ತದೆ. ಆದರೆ ಅದಕ್ಕೂ ಬೆಲೆಯಿದೆ: ಬಹಳ ಶಕ್ತಿ ವ್ಯಯವಾಗುತ್ತದೆ, ಮೇಲಾಗಿ ಅದರ ಕಿಣ್ವವು ಆಮ್ಲಜನಕದ ಸ್ಪರ್ಶವಾದರೆ ಕೆಡುತ್ತದೆ. ಆದುದರಿಂದ ಈ ಜೀವಿಗೆ ಎರಡು ಆವಶ್ಯಕತೆಗಳು: ಆಹಾರ ಮತ್ತು ಆಶ್ರಯ. ಸಹಜೀವನದ ಕಥೆ ಇಲ್ಲಿಂದ ಪ್ರಾರಂಭವಾಗುತ್ತದೆ.

ಕಡಲೊಳಗಿನ ಪಾಲುಗಾರಿಕೆ

1901ರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಶ್ಮಿತ್ ಎಂಬ ತರುಣ ವಿಜ್ಞಾನಿಯು ಕೆಂಪು ಸಮುದ್ರ ಮತ್ತು ಏಡನ್ ಕೊಲ್ಲಿಯಿಂದ ಸಂಗ್ರಹಿಸಿದ ನೀರಿನ ಸೂಕ್ಷ್ಮಜೀವಿಗಳನ್ನು ಪರಿಶೀಲಿಸುತ್ತಿದ್ದಾಗ, ಡಯಾಟಮ್ ಎಂಬ ಪಾಚಿಯ ಗಾಜಿನಂಥ ಚಿಪ್ಪಿನೊಳಗೆ ಮಣಿಸರದಂತಿರುವ ಮತ್ತೊಂದು ಜೀವಿಯನ್ನು ಕಂಡು ಅದಕ್ಕೆ ರಿಚೆಲಿಯ ಎಂದು ಹೆಸರಿಟ್ಟನು. ಭಟ್ಕಳದ ಅಕ್ಕಿಯ ಹಡಗುಗಳು ಪಶ್ಚಿಮಕ್ಕೆ ಸಾಗುತ್ತಿದ್ದ ಜಲಮಾರ್ಗವೇ ಅದು. ನಮ್ಮ ವರ್ತಕರು ಶತಮಾನಗಳ ಕಾಲ ಯಾವ ನೀರನ್ನು ಸೀಳಿಕೊಂಡು ಹೋದರೋ ಆ ನೀರಿನಲ್ಲಿಯೇ ಅವರಿಗಿಂತ ಎಷ್ಟೋ ಹಳೆಯದಾದ ಒಂದು ಕೊಡು-ಕೊಳ್ಳುವ ವ್ಯವಹಾರ ಮೌನವಾಗಿ ನಡೆಯುತ್ತಿತ್ತು. ರಿಚೆಲಿಯವು ಸಾರಜನಕವನ್ನು ಸ್ಥಿರೀಕರಿಸುತ್ತದೆಂಬುದು 1970ರ ದಶಕದಲ್ಲಿ ಸಿದ್ಧವಾಯಿತು. ತಾನು ಸಂಪಾದಿಸಿದ ಸಾರಜನಕದಲ್ಲಿ ಅದು ತನ್ನ ಆಶ್ರಯದಾತನಿಗೆ ಎಷ್ಟನ್ನು ಕೊಡುತ್ತದೆಂಬುದನ್ನು 2011ರಲ್ಲಿ ಅಳೆದು ನೋಡಲಾಯಿತು: ನೂರಕ್ಕೆ 97ರವರೆಗೆ! ಅರಬ್ಬಿ ಸಮುದ್ರದಲ್ಲಿಯೂ ಬಂಗಾಳ ಕೊಲ್ಲಿಯಲ್ಲಿಯೂ ಈ ಜೋಡಿಯನ್ನು ನಮ್ಮ ವಿಜ್ಞಾನಿಗಳು ಕಂಡಿದ್ದಾರೆ.

ಇದಕ್ಕಿಂತಲೂ ನಿಕಟವಾದ ಸಂಬಂಧವೊಂದು ಇತ್ತೀಚೆಗೆ ಬೆಳಕಿಗೆ ಬಂದಿದೆ. 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜೊನಾಥನ್ ಜೆಹರ್ ಅವರಿಗೆ ಪೆಸಿಫಿಕ್ ಸಾಗರದ ನೀರಿನಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ಅಜ್ಞಾತ ಜೀವಿಯೊಂದರ ವಂಶವಾಹಿಯ ತುಣುಕು ದೊರೆಯಿತು. ಜೀವಿ ಮಾತ್ರ ಸಿಗಲಿಲ್ಲ. 2010ರಲ್ಲಿ ಅದರ ವಂಶವಾಹಿಗಳನ್ನು ಪೂರ್ಣವಾಗಿ ಓದಿದಾಗ, ಸೂರ್ಯನ ಬೆಳಕಿನಿಂದ ಆಮ್ಲಜನಕವನ್ನು ಬಿಡುಗಡೆ ಮಾಡುವ ಅಂಗವನ್ನೂ ಇಂಗಾಲದಿಂದ ಆಹಾರ ತಯಾರಿಸುವ ಸಾಮರ್ಥ್ಯವನ್ನೂ ಅದು ಕಳೆದುಕೊಂಡಿರುವುದು ಕಂಡುಬಂತು. ಅಂದರೆ ಯಾರೋ ಅದನ್ನು ಸಾಕುತ್ತಿರಬೇಕು. 2012ರಲ್ಲಿ ಆ ಸಾಕುವವರು ಒಂದು ಏಕಕೋಶ ಪಾಚಿಯೆಂದು ಗೊತ್ತಾಯಿತು. ಅತ್ತ ಜಪಾನಿನಲ್ಲಿ ಕ್ಯೋಕೊ ಹಾಗಿನೊ ಎಂಬ ವಿದುಷಿಯು ಬ್ರಾರುಡೋಸ್ಫೇರ ಎಂಬ ಅದೇ ಪಾಚಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಹತ್ತು ವರ್ಷಕ್ಕೂ ಮೀರಿ ಶ್ರಮಿಸುತ್ತಿದ್ದರು. ಮುನ್ನೂರಕ್ಕೂ ಹೆಚ್ಚು ಸಲ ಕಡಲ ನೀರನ್ನು ತಂದು ಪರೀಕ್ಷಿಸಿದರು. ಕಡೆಗೆ ಅದು ಬೆಳೆಯಿತು. 2024ರ ಏಪ್ರಿಲಿನಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿದುದಿಷ್ಟು: ಆ ಬ್ಯಾಕ್ಟೀರಿಯವು ಈಗ ಕೇವಲ ಅತಿಥಿಯಲ್ಲ. ಪಾಚಿಯ ಕೋಶ ಎರಡಾಗುವಾಗ ಅದೂ ಕ್ರಮತಪ್ಪದೆ ಎರಡಾಗುತ್ತದೆ. ತನಗೆ ಬೇಕಾದ ಅನೇಕ ಪ್ರೋಟೀನುಗಳನ್ನು ಪಾಚಿಯಿಂದಲೇ ತರಿಸಿಕೊಳ್ಳುತ್ತದೆ. ಅದು ಪಾಚಿಯ ಒಂದು ಅಂಗವೇ ಆಗಿದೆ. ವಿಜ್ಞಾನಿಗಳು ಅದನ್ನು ನೈಟ್ರೋಪ್ಲಾಸ್ಟ್ ಎಂದು ಕರೆದರು. ಈ ಒಡನಾಟವು ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಪ್ರಾರಂಭವಾಯಿತೆಂದು ಅವರ ಅಂದಾಜು.

ಮುಂದಿನ ತಿಂಗಳಿನಲ್ಲಿಯೇ, 2024ರ ಮೇಯಲ್ಲಿ, ಜರ್ಮನಿಯ ಬ್ರೆಮೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇನ್ನೊಂದು ಜೋಡಿಯನ್ನು ಪ್ರಕಟಿಸಿದರು. ಅಟ್ಲಾಂಟಿಕ್ ಸಾಗರದ ಒಂದು ಡಯಾಟಮಿನೊಳಗೆ ಅವರಿಗೆ ದೊರೆತ ಬ್ಯಾಕ್ಟೀರಿಯವು ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾದ ನಿಕಟ ಬಂಧು. ಹೊಲದಲ್ಲಿ ಹೆಸರು, ಉದ್ದು, ತೊಗರಿಗಳಿಗೆ ಉಪಕರಿಸುವ ಕುಲವೇ ಕಡಲಿನಲ್ಲಿ ಪಾಚಿಗೂ ಉಪಕರಿಸುತ್ತಿದೆಯೆಂದಾಯಿತು.

ನಮ್ಮ ಕಡಲು, ನಮ್ಮ ನದಿಗಳು

ಇದೆಲ್ಲ ಪರದೇಶದ ಸಾಗರಗಳ ಮಾತೆಂದು ವಾಚಕರು ಭಾವಿಸಬಾರದು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಡಲು ಆಳದಿಂದ ಪೋಷಕ ದ್ರವ್ಯಗಳಿರುವ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಆಗ ಅದು ಸಿರಿವಂತ. ಫೆಬ್ರವರಿಯಿಂದ ಮೇವರೆಗೆ ನೀರು ಕಾದು, ಅಲೆ ತಗ್ಗಿ, ಮೇಲ್ಪದರದ ನೈಟ್ರೇಟು ಮುಗಿದು ಅದು ಬಡವಾಗುತ್ತದೆ. ಆ ಬಡತನದ ದಿನಗಳಲ್ಲಿಯೇ ಟ್ರೈಕೋಡೆಸ್ಮಿಯಮ್ ಎಂಬ ಸಾರಜನಕ ಸ್ಥಿರೀಕಾರಕ ಜೀವಿಯು ಮರದ ಹೊಟ್ಟನ್ನು ಚೆಲ್ಲಿದಂತೆ ನೀರಿನ ಮೇಲೆ ಹರಡಿಕೊಳ್ಳುತ್ತದೆ. 1965ರಲ್ಲಿ ಮಂಗಳೂರಿನ ಕಡಲಿನಿಂದಲೂ 1978ರಲ್ಲಿ ಗೋವೆಯ ಕಡಲಿನಿಂದಲೂ ಇದರ ವರದಿಗಳು ಪ್ರಕಟವಾದುವು. ಇವೆರಡರ ನಡುವಿನದೇ ಭಟ್ಕಳ, ಹೊನ್ನಾವರ, ಕುಮಟಾಗಳ ಕಡಲು. ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಹವಳದ ಪ್ರಾಣಿಯೊಳಗೆ ಪಾಚಿ ವಾಸಿಸುತ್ತದೆ. ಸಾರಜನಕವನ್ನು ಸ್ಥಿರೀಕರಿಸುವ ಬ್ಯಾಕ್ಟೀರಿಯಾಗಳೂ ಹವಳದೊಡನೆ ಇರುತ್ತವೆಂದು 2004ರಲ್ಲಿ ಕೆರಿಬಿಯನ್ ಸಮುದ್ರದ ಅಧ್ಯಯನವೊಂದು ತೋರಿಸಿತು. ಅಲ್ಲಿ ಮೂವರ ಪಾಲುಗಾರಿಕೆ.

ಡಯಾಟಮಿನ ಚಿಪ್ಪಿಗೆ ಬೇಕಾದ ಸಿಲಿಕವು ಸಮುದ್ರಕ್ಕೆ ಬರುವುದು ಮುಖ್ಯವಾಗಿ ನದಿಗಳ ಮೂಲಕ. ಘಟ್ಟದ ಕಲ್ಲು ಮಳೆಗೆ ಸವೆದು ಹೊಳೆಯಲ್ಲಿ ಕರಗಿ ಕಡಲು ಸೇರಿದಾಗ, ಅದು ಪಾಚಿಗೆ ಮನೆಯಾಗುತ್ತದೆ. ಆ ಮನೆಯಲ್ಲಿ ಬ್ಯಾಕ್ಟೀರಿಯಕ್ಕೆ ಆಶ್ರಯ ದೊರೆಯುತ್ತದೆ. ನಮ್ಮ ಸೀಮೆಯ ಎರಡು ನದಿಗಳ ಗತಿ ಇಲ್ಲಿ ಬೇರೆಬೇರೆಯಾಗಿದೆ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂತು, ಅನಂತರ ಗೇರುಸೊಪ್ಪೆಯಲ್ಲಿಯೂ ಒಂದು ಅಣೆಕಟ್ಟು ಬಂತು. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆಯದು. ಆದರೆ ವರ್ಷವಿಡೀ ಸಿಹಿನೀರು ಹರಿದುಬರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ, ಮೀನು ಚಿಪ್ಪುಗಳ ಬಗೆಗಳು ಅಘನಾಶಿನಿಗಿಂತ ಕಡಿಮೆಯಾಗಿವೆಯೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಕಂಡುಕೊಂಡಿವೆ. ಕುಮಟಾ ತಾಲ್ಲೂಕಿನ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಗೆ 2024ರ ಜನವರಿಯಲ್ಲಿ ರಾಮ್‌ಸಾರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು; ವಿಸ್ತಾರ 4,801 ಹೆಕ್ಟೇರು.

ಗಜನಿಯ ಕಗ್ಗ

ಈ ಅಘನಾಶಿನಿಯ ಅಳಿವೆಯಲ್ಲಿಯೇ, ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ, ನಾನು ಮೇಲೆ ಹೇಳಿದ ಗಜನಿ ಭೂಮಿಯಿದೆ. ಉಬ್ಬರದ ನೀರು ನುಗ್ಗುವ ಈ ತಗ್ಗು ಗದ್ದೆಗಳಲ್ಲಿ ಬೆಳೆಯುವ ಭತ್ತದ ತಳಿ ಕಗ್ಗ. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಬಿತ್ತುತ್ತಾರೆ. ಪೈರು ಐದು ಅಡಿಯವರೆಗೆ ಬೆಳೆಯುತ್ತದೆ. ಕೆಲವು ದಿನ ನೆರೆಯಲ್ಲಿ ಮುಳುಗಿದರೂ, ಸ್ವಲ್ಪ ಉಪ್ಪು ತಾಗಿದರೂ ತಾಳಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ತೆನೆಯ ಭಾಗವನ್ನಷ್ಟೆ ಕೊಯ್ದು, ಉಳಿದ ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಬಳಿಕ ತೂಬಿನ ಹಲಗೆಗಳನ್ನೆತ್ತಿ ಉಪ್ಪುನೀರನ್ನು ಒಳಬಿಡುತ್ತಾರೆ. ಹುಲ್ಲು ಕೊಳೆತು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ; ಅವು ಸೀಗಡಿ ಮೀನುಗಳಿಗೆ ಆಹಾರವಾಗುತ್ತವೆ; ಪಕ್ಷಿಗಳು ಬರುತ್ತವೆ. ಉಬ್ಬರದೊಡನೆ ಬರುವ ಮೆಕ್ಕಲು, ಕಾಂಡ್ಲಾ ಗಿಡಗಳ ಉದುರೆಲೆ, ಜಲಚರಗಳ ಮಲ, ಕೆಸರಿನಲ್ಲಿಯೂ ಕಾಂಡ್ಲಾದ ಬೇರಿನಲ್ಲಿಯೂ ಇರುವ ಸಾರಜನಕ ಸ್ಥಿರೀಕಾರಕ ಬ್ಯಾಕ್ಟೀರಿಯಾಗಳ ದುಡಿಮೆ ಇವೆಲ್ಲವೂ ಸೇರಿ ಮುಂದಿನ ಬೆಳೆಗೆ ಗೊಬ್ಬರ. ಆ ವೃದ್ಧ ರೈತರ ಮಾತು ಅಕ್ಷರಶಃ ಸತ್ಯವಾಗಿತ್ತು.

1970ರ ದಶಕದಲ್ಲಿ ಸರ್ಕಾರವು ಅಳಿವೆಯಲ್ಲಿ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಸೀಗಡಿಗೆ ಹೊರದೇಶದ ಮಾರುಕಟ್ಟೆ ದೊರೆತ ಮೇಲೆ ಅನೇಕ ಗಜನಿಗಳು ವರ್ಷವಿಡೀ ಸೀಗಡಿಯ ಹೊಂಡಗಳಾದುವು. ಕಾಂಡ್ಲಾ ಗಿಡಗಳು ನಾಶವಾದುವು. ಭತ್ತ ಹಿಂದೆ ಸರಿಯಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ಸೀಗಡಿ ಉದ್ಯಮದ ಮೇಲೆ ಕಠಿಣ ನಿರ್ಬಂಧ ವಿಧಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆದರೂ ಬಿಟ್ಟುಹೋದ ಬೇಸಾಯವು ಅಷ್ಟು ಸುಲಭವಾಗಿ ಮರಳಲಿಲ್ಲ. ಕಗ್ಗವನ್ನು ಬೆಳೆಯುವವರು ಇಂದು ಕೆಲವರೇ.

ಉಪಗ್ರಹದ ಅರ್ಥ

ಈಗ ಒಂದು ಕಠಿಣವಾದ ಪ್ರಶ್ನೆಯನ್ನು ಎದುರಿಸಬೇಕು. ಗಜನಿಯಲ್ಲಿ ಆರು ತಿಂಗಳು ಭತ್ತವಾದರೆ ಆರು ತಿಂಗಳು ಮೀನುಗಾರಿಕೆ. ಅಹಿಂಸಾವ್ರತಿಯಾದ ಶ್ರಾವಕನು ಇಂಥ ಭೂಮಿಯನ್ನು ಹೊಗಳಬಹುದೆ? ಈ ಪ್ರಶ್ನೆಯನ್ನು ನನ್ನ ಮನೆಯಲ್ಲಿಯೇ ಕೇಳಿದರು. ಅಲ್ಲಿಯ ಹಿಂಸೆಯನ್ನು ನಾನು ಹಿಂಸೆಯಲ್ಲವೆಂದು ಹೇಳಲಾರೆ. ಆದರೆ ನಾನು ಮಾರಿದ ಚೀಲದ ಲೆಕ್ಕವನ್ನೂ ನೋಡಬೇಕಾಯಿತು. ಹೊಲಕ್ಕೆ ಹಾಕಿದ ಯೂರಿಯಾದ ಒಂದು ಪಾಲು ಮಳೆನೀರಿನೊಡನೆ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಅತಿಯಾದ ಸಾರಜನಕದಿಂದ ಪಾಚಿ ಮಿತಿಮೀರಿ ಬೆಳೆದು, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಜಲಚರಗಳು ಉಸಿರುಗಟ್ಟುತ್ತವೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಆಮ್ಲಜನಕದ ಕೊರತೆ ತೀವ್ರವಾಗುತ್ತಿರುವುದನ್ನು 2000ದಲ್ಲಿ ಪ್ರಕಟಿಸಿದರು. ಭೂಮಿಯಿಂದ ಹರಿದುಬರುವ ಸಾರಜನಕವನ್ನು ಅದರ ಸಂಭಾವ್ಯ ಕಾರಣವಾಗಿ ಸೂಚಿಸಿದರು. ಬಲೆಯ ಹಿಂಸೆ ಕಣ್ಣಿಗೆ ಕಾಣುತ್ತದೆ. ಚೀಲದ ಹಿಂಸೆ ನನ್ನ ಅಂಗಡಿಯಿಂದ ಎಷ್ಟೋ ದೂರದಲ್ಲಿ, ನೀರಿನ ಅಡಿಯಲ್ಲಿ ನಡೆಯುತ್ತದೆ. ಕಾಣದಿರುವುದರಿಂದ ಅದು ಇಲ್ಲವೆಂದಾಗುವುದಿಲ್ಲವೆಂಬುದನ್ನು ಜೈನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಮ್ಮ ಆಗಮಗಳಲ್ಲಿ ಬರುವ ನಿಗೋದ ಜೀವಗಳೇ ಈ ಬ್ಯಾಕ್ಟೀರಿಯಾಗಳು ಎಂದು ಸಾಧಿಸುವ ಉತ್ಸಾಹ ಕೆಲವರಿಗಿದೆ. ನಾನದಕ್ಕೆ ಕೈಹಾಕುವುದಿಲ್ಲ. ಶಾಸ್ತ್ರದ ವಿಚಾರ ಬೇರೆ, ಪ್ರಯೋಗಶಾಲೆಯ ವಿಚಾರ ಬೇರೆ. ಎರಡನ್ನೂ ಬೆರೆಸಿದರೆ ಎರಡರ ಗೌರವವೂ ಕುಂದುತ್ತದೆ. ಆದರೆ ಕಣ್ಣಿಗೆ ಕಾಣದ ಜೀವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಅಭ್ಯಾಸವನ್ನು ನಮ್ಮ ಪರಂಪರೆ ಕಲಿಸಿದೆ. ಆ ಅಭ್ಯಾಸ ಈಗ ಉಪಯೋಗಕ್ಕೆ ಬರಬೇಕು.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳು ಪರಸ್ಪರ ಉಪಕಾರಕಗಳೆಂಬ ತತ್ತ್ವವನ್ನು ಉಮಾಸ್ವಾಮಿಗಳು ಹೇಳಿರುವುದು ಎಲ್ಲ ಶ್ರಾವಕರಿಗೂ ತಿಳಿದಿದೆ. ಅದನ್ನು ನಾವು ಸಾಮಾನ್ಯವಾಗಿ ಆದೇಶವೆಂಬಂತೆ ಓದುತ್ತೇವೆ. ಸಂದರ್ಭವನ್ನು ನೋಡಿದರೆ ಆ ಅಧ್ಯಾಯವು ದ್ರವ್ಯಗಳ ಕಾರ್ಯವನ್ನು ಹೇಳುವಂಥದು. ಅದು ವಸ್ತುಸ್ಥಿತಿಯ ಕಥನ. ವ್ರತಗಳ ವಿಚಾರ ಬರುವುದು ಏಳನೆಯ ಅಧ್ಯಾಯದಲ್ಲಿ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಟ್ಟ ಉದಾಹರಣೆಗಳು ಒಡೆಯ ಮತ್ತು ಸೇವಕ, ಗುರು ಮತ್ತು ಶಿಷ್ಯ. ಒಡೆಯನು ಧನ ಕೊಟ್ಟು ಉಪಕರಿಸುತ್ತಾನೆ. ಸೇವಕನು ಹಿತವನ್ನು ಮಾಡಿ ಅಹಿತವನ್ನು ತಡೆದು ಉಪಕರಿಸುತ್ತಾನೆ. ಸುಖ, ಜೀವಿತಗಳಷ್ಟೇ ಅಲ್ಲದೆ ದುಃಖ, ಮರಣಗಳನ್ನೂ ಜೀವಗಳು ಪರಸ್ಪರ ಉಂಟುಮಾಡುತ್ತವೆಂಬುದನ್ನೂ ಅವರು ಗಮನಿಸಿದ್ದಾರೆ.

ಪಾಚಿಗೂ ಬ್ಯಾಕ್ಟೀರಿಯಕ್ಕೂ ಐದನೆಯ ಅಧ್ಯಾಯ ಸಾಕು. ಅವುಗಳ ಒಡನಾಟದಲ್ಲಿ ಸಂಕಲ್ಪವಿಲ್ಲ, ತ್ಯಾಗದ ಭಾವವಿಲ್ಲ. ಅವುಗಳನ್ನು ಧರ್ಮಾತ್ಮರೆಂದು ಕೊಂಡಾಡುವುದು ತಪ್ಪು. ನೈಟ್ರೋಪ್ಲಾಸ್ಟ್ ಆಗಿರುವ ಆ ಜೀವಿಯು ಆಶ್ರಯವನ್ನು ಪಡೆದು ಸ್ವಾತಂತ್ರ್ಯವನ್ನು ಕಳೆದುಕೊಂಡಿದೆ. ಆದರೆ ಮನುಷ್ಯನಿಗೆ ಏಳನೆಯ ಅಧ್ಯಾಯವೂ ಇದೆ. ಗಾಮನು ಭಟ್ಕಳದಿಂದ ಅಕ್ಕಿಯನ್ನು ಪಡೆದು ಪ್ರತಿಯಾಗಿ ಕೊಟ್ಟದ್ದು ಊರನ್ನು ಸುಡುವುದಿಲ್ಲವೆಂಬ ಮಾತನ್ನು ಮಾತ್ರ. ಆ ಮಾತೂ ನಲವತ್ತು ವರ್ಷಕ್ಕೆ ಮುಗಿಯಿತು. ಅದನ್ನು ನಾವು ಕಪ್ಪವೆನ್ನುತ್ತೇವೆ, ವ್ಯಾಪಾರವೆನ್ನುವುದಿಲ್ಲ. ಅಳಿವೆಯಿಂದ ಅನ್ನವನ್ನು ಪಡೆದು ಅದಕ್ಕೆ ಏನನ್ನೂ ಹಿಂದಿರುಗಿಸದ ನಾವು ಮಾಡುತ್ತಿರುವುದು ಯಾವುದು? ಕೆರೆ ಕೊಳಗಳನ್ನು ಬತ್ತಿಸುವ ಉದ್ಯಮವನ್ನು ಶ್ರಾವಕನು ಮಾಡಬಾರದೆಂದು ಶ್ರಾವಕಾಚಾರಗಳು ನಿಷೇಧಿಸಿವೆ. ಆ ನಿಷೇಧದ ಆಶಯವನ್ನು ಅಳಿವೆಯ ಒಡ್ಡು, ಹೊಂಡಗಳವರೆಗೆ ವಿಸ್ತರಿಸಿಕೊಳ್ಳುವುದು ನಮ್ಮ ಕಾಲದ ಕರ್ತವ್ಯವೆಂದು ನನಗೆ ತೋರುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಗೃಹಸ್ಥ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೇ. ಉಬ್ಬರದ ನೀರು ತಲುಪುವ ಭೂಮಿ ಯಾರ ಅಧೀನದಲ್ಲಿದೆಯೋ ಅವರು ಅದನ್ನು ಹೊಂಡ ತೋಡುವವರಿಗೆ ಗೇಣಿಗೆ ಕೊಡುವ ಮುನ್ನ ಒಮ್ಮೆ ಯೋಚಿಸಲಿ. ಗೇಣಿಯ ಮೊತ್ತ ಬರುವುದು ಕೆಲವು ವರ್ಷ, ಕೆಟ್ಟ ಮಣ್ಣು ಉಳಿಯುವುದು ಬಹುಕಾಲ. ತೋಟ ಗದ್ದೆಗಳಿರುವವರು ಬೇಕಾದುದಕ್ಕಿಂತ ಒಂದು ಹಿಡಿಯೂ ಹೆಚ್ಚು ಗೊಬ್ಬರವನ್ನು ಹಾಕದಿರಲಿ. ಅನಾವಶ್ಯಕವಾದ ಹಿಂಸೆಯನ್ನು ಬಿಡುವ ಅನರ್ಥದಂಡವ್ರತಕ್ಕೆ ಇದೂ ಸೇರುತ್ತದೆ. ಕಗ್ಗದ ಕುಚ್ಚಿಗೆ ಅಕ್ಕಿಯನ್ನು ಬೆಳೆಗಾರರಿಂದ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವವರು ಹೆಚ್ಚಿದರೆ, ಗಜನಿಯಲ್ಲಿ ಭತ್ತವು ಬಲೆಗೆ ಪೂರ್ತಿಯಾಗಿ ಸೋಲದೆ ಉಳಿದೀತು. ಇದರಿಂದ ಗಜನಿಯ ಹಿಂಸೆ ಇಲ್ಲವಾಗುತ್ತದೆಂದು ನಾನು ಹೇಳುವುದಿಲ್ಲ. ತಗ್ಗುವ ದಾರಿ ಇದೊಂದು.

ಆ ವೃದ್ಧ ರೈತರು ಈಗ ಇಲ್ಲ. ನಮ್ಮ ಅಂಗಡಿಯ ಹಳೆಯ ಕೀರ್ದಿ ಪುಸ್ತಕಗಳಲ್ಲಿ ಅವರ ಹೆಸರಿನ ಮುಂದೆ ಹಗ್ಗ, ಬುಟ್ಟಿ, ಸೀಮೆಎಣ್ಣೆಗಳ ಲೆಕ್ಕವಿದೆ, ಎಲ್ಲವೂ ಚುಕ್ತವಾಗಿದೆ. ನಮ್ಮ ಕಡೆಯಿಂದ ಸಲ್ಲಬೇಕಾದುದು ಇನ್ನೂ ಬಾಕಿಯಿದೆ.